ರೋಬೋಟ್ ಮೇಲಿನ ತಂಡದ ಸಂಖ್ಯೆ ಗ್ಯಾಲರಿಯ ಕೊನೆಯ ಸಾಲಿಗೂ ಕಾಣಬೇಕಾದರೆ

ಹೈಸ್ಕೂಲ್ ಮಕ್ಕಳ ತಂಡಗಳು ತಾವೇ ಕಟ್ಟಿದ ರೋಬೋಟ್‌ಗಳನ್ನು ಆಡಿಸುವ, ಎಫ್‌ಆರ್‌ಸಿ ಎಂದು ಎಲ್ಲರೂ ಕರೆಯುವ ಫಸ್ಟ್ ರೋಬೋಟಿಕ್ಸ್ ಕಾಂಪಿಟಿಷನ್‌ನಲ್ಲಿ ಒಂದು ಮ್ಯಾಚ್ ಸುಮಾರು ಎರಡೂವರೆ ನಿಮಿಷದಲ್ಲಿ ಮುಗಿದುಹೋಗುತ್ತದೆ. ಅಂಕಣದಲ್ಲಿ ಆರು ರೋಬೋಟ್ ಇರುತ್ತವೆ, ಮೂರು ಕೆಂಪು ಅಲಯನ್ಸ್‌ಗೆ, ಅಂದರೆ ಜೊತೆಗೂಡಿ ಆಡುವ ಬಣಕ್ಕೆ, ಮೂರು ನೀಲಿಗೆ. ಆರೂ ಒಟ್ಟಿಗೇ ಓಡುತ್ತವೆ, ಒಂದಕ್ಕೊಂದು ಗುದ್ದುತ್ತವೆ, ಒಂದರ ಹಿಂದೆ ಇನ್ನೊಂದು ಮರೆಯಾಗುತ್ತದೆ. ಗ್ಯಾಲರಿಯಲ್ಲಿ ಟ್ಯಾಬ್ಲೆಟ್ ಹಿಡಿದು ಕೂತ ಹುಡುಗಿಯೊಬ್ಬಳು ಆ ಆರರಲ್ಲಿ ಒಂದರ ಮೇಲೆ ಮಾತ್ರ ಕಣ್ಣಿಟ್ಟಿರುತ್ತಾಳೆ. ಅದು ಎಷ್ಟು ಸಲ ಗುರಿ ಮುಟ್ಟಿತು, ಎಲ್ಲಿ ತಡವರಿಸಿತು, ಯಾವಾಗ ಕೆಟ್ಟು ನಿಂತಿತು ಎಂದು ಬರೆದುಕೊಳ್ಳುವುದು ಅವಳ ಕೆಲಸ. ಇದಕ್ಕೆ ಸ್ಕೌಟಿಂಗ್ ಎನ್ನುತ್ತಾರೆ. ಲೀಗ್ ಮ್ಯಾಚ್‌ಗಳು ಮುಗಿದ ಮೇಲೆ ಮುಂಚೂಣಿಯ ತಂಡಗಳು ತಮ್ಮ ಜೊತೆಗಾರರನ್ನು ಆರಿಸುವುದು ಬಹುಪಾಲು ಈ ಬರಹವನ್ನು ನಂಬಿಕೊಂಡು. ಅವಳು ನಿಮ್ಮ 8 ಅನ್ನು 6 ಎಂದು ಓದಿದರೆ, ನೀವು ಚೆನ್ನಾಗಿ ಆಡಿದ ಮ್ಯಾಚ್ ಬೇರೆಯವರ ಲೆಕ್ಕಕ್ಕೆ ಹೋಯಿತು ಎಂದೇ ಅರ್ಥ.

ತಂಡದ ಸಂಖ್ಯೆಯನ್ನು ಓದುವವರು ಇನ್ನೂ ಇದ್ದಾರೆ. ಫೌಲ್ ಕೊಡುವ ರೆಫರಿ, ಮೈಕ್ ಹಿಡಿದ ಅನೌನ್ಸರ್, ಪ್ರಶಸ್ತಿಗೆ ತಂಡಗಳನ್ನು ಹುಡುಕಿಕೊಂಡು ಬರುವ ತೀರ್ಪುಗಾರರು, ನಿಮ್ಮ ಜೊತೆ ಮುಂದಿನ ಮ್ಯಾಚ್ ಆಡಬೇಕಾದ ತಂಡ. ಇವರ್ಯಾರೂ ರೋಬೋಟ್ ಪಕ್ಕದಲ್ಲಿ ನಿಂತು ಓದುವುದಿಲ್ಲ. ದೂರದಿಂದ, ಓರೆಯಾಗಿ, ಅರೆಕ್ಷಣದಲ್ಲಿ ಓದುತ್ತಾರೆ. ಸ್ಪರ್ಧೆಯ ನಿಯಮಗಳ ಕೈಪಿಡಿ ಹೇಳುವ ಅಳತೆ ಇನ್‌ಸ್ಪೆಕ್ಷನ್, ಅಂದರೆ ಆಟಕ್ಕೆ ಮುಂಚಿನ ರೋಬೋಟ್ ತಪಾಸಣೆ, ದಾಟಲು ಬೇಕಾದ ಕನಿಷ್ಠ ಮಾತ್ರ. ಸಂಖ್ಯೆಯನ್ನು ರೂಪಿಸುವಾಗ ಆ ಸ್ಕೌಟ್ ಹುಡುಗಿಯನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ ಎಂಬುದೇ ಈ ಲೇಖನದ ಉದ್ದಕ್ಕೂ ನನ್ನ ಒತ್ತಾಯ.

ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳೂ ಹೈಸ್ಕೂಲಿಗೆ ಬರುತ್ತಲೇ ಎಫ್‌ಆರ್‌ಸಿ ತಂಡ ಸೇರುತ್ತಾರೆ. ಅದರ ತಮ್ಮನಂತಿರುವ ಎಫ್‌ಟಿಸಿ, ಅಂದರೆ ಫಸ್ಟ್ ಟೆಕ್ ಚಾಲೆಂಜ್, ಭಾರತದಲ್ಲೂ ನಡೆಯುತ್ತದೆ. ಇಲ್ಲಿ ಹೆಚ್ಚಿನ ಮಾತು ಎಫ್‌ಆರ್‌ಸಿ ಬಂಪರ್, ಅಂದರೆ ಗುದ್ದು ತಡೆಯಲು ರೋಬೋಟ್ ಸುತ್ತ ಕಟ್ಟುವ ಬಟ್ಟೆ ಹೊದಿಸಿದ ಮೆತ್ತೆ, ಅದರ ಮೇಲಿನ ಸಂಖ್ಯೆಯ ಬಗ್ಗೆ, ಏಕೆಂದರೆ ಕಷ್ಟ ಇರುವುದು ಅಲ್ಲಿ. ಎಫ್‌ಟಿಸಿಗೂ ವೆಕ್ಸ್ ಎಂಬ ಇನ್ನೊಂದು ರೋಬೋಟ್ ಸ್ಪರ್ಧೆಯ ತಂಡಗಳಿಗೂ ಬೇಕಾದದ್ದನ್ನು ಕೊನೆಯ ಕಡೆ ಹೇಳಿದ್ದೇನೆ.

ಮೊದಲು ಈ ವರ್ಷದ ಕೈಪಿಡಿ ತೆರೆಯಿರಿ

ಎಫ್‌ಆರ್‌ಸಿಯ ಆಟ ಪ್ರತಿ ಜನವರಿಯಲ್ಲಿ ಹೊಸದಾಗಿ ಬರುತ್ತದೆ, ಜೊತೆಗೆ ಹೊಸ ಕೈಪಿಡಿ. ರೋಬೋಟ್ ಕಟ್ಟುವ ನಿಯಮಗಳ ಅಧ್ಯಾಯದಲ್ಲಿ ಬಂಪರ್‌ಗೆ ಬೇರೆಯೇ ಭಾಗವಿದೆ, ಸಂಖ್ಯೆಯ ನಿಯಮ ಇರುವುದು ಅಲ್ಲಿ. ಋತುವಿನ ನಡುವೆ ತಿದ್ದುಪಡಿಗಳೂ ಬರುತ್ತವೆ. ಹೋದ ವರ್ಷದ ಅಳತೆ ಅಣ್ಣನಿಗೋ ಅಕ್ಕನಿಗೋ ನೆನಪಿದೆ ಎಂದು ಅದರ ಮೇಲೆ ಕತ್ತರಿ ಆಡಿಸಬೇಡಿ. ಬಂಪರ್ ನಿಯಮಗಳು ಈಚಿನ ಋತುಗಳಲ್ಲಿ ಸಾಕಷ್ಟು ಬದಲಾಗಿವೆ.

ಹಾಗಿದ್ದೂ ನಿಯಮದ ಜೀವಾಳ ಬಹಳ ವರ್ಷಗಳಿಂದ ಒಂದೇ. ರೋಬೋಟ್ ಸುತ್ತ ಒಬ್ಬ ಮನುಷ್ಯ ನಡೆದು ಬಂದರೆ, ಅವನು ಯಾವ ಜಾಗದಲ್ಲಿ ನಿಂತರೂ ಇದು ಯಾವ ತಂಡ ಎಂಬುದು ಗೊಂದಲವಿಲ್ಲದೆ ಗೊತ್ತಾಗಬೇಕು. ಅದಕ್ಕೆ ಪೂರಕವಾಗಿ ಹಲವು ಋತುಗಳಲ್ಲಿ ಇದ್ದ ಅಳತೆಗಳು ಹೀಗೆ: ಅಂಕಿಯ ಎತ್ತರ ಕನಿಷ್ಠ 4 ಇಂಚು, ಗೆರೆಯ ದಪ್ಪ ಕನಿಷ್ಠ ಅರ್ಧ ಇಂಚು, ಬಣ್ಣ ಬಿಳಿ ಅಥವಾ ಸುತ್ತ ಬಿಳಿ ಅಂಚು. 160 ಡಿಗ್ರಿಗಿಂತ ಚೂಪಾದ ಮೂಲೆಯನ್ನು ಸುತ್ತಿಕೊಂಡು ಸಂಖ್ಯೆ ಹೋಗಬಾರದು. ಅಂಕಿಯ ಜಾಗದಲ್ಲಿ ಲೋಗೋ ಇಡುವಂತಿಲ್ಲ. ನಿಮ್ಮ ಸಂಖ್ಯೆಯಲ್ಲಿ ಸೊನ್ನೆ ಇದ್ದರೆ ಅದರ ಬದಲು ಹಲ್ಲುಚಕ್ರದ ಚಿತ್ರ ಹಾಕುವ ಆಸೆ ಹುಡುಗರಿಗೆ ಬಂದೇ ಬರುತ್ತದೆ. ಅದನ್ನು ಟೀ ಶರ್ಟ್ ಮೇಲೆ ಧಾರಾಳವಾಗಿ ಹಾಕಿಕೊಳ್ಳಲಿ. ಬಂಪರ್ ಮೇಲೆ ಪ್ರಾಯೋಜಕರ ಹೆಸರಿಗೂ ಜಾಗವಿಲ್ಲ. ಬಟ್ಟೆ ಇಡಿಯಾಗಿ ಕೆಂಪು ಅಥವಾ ನೀಲಿ ಇರಬೇಕು, ಅದರ ಮೇಲೆ ಸಂಖ್ಯೆ ಮತ್ತು ನಿಯಮ ಹೆಸರಿಸಿ ಬಿಟ್ಟುಕೊಟ್ಟ ಕೆಲವೇ ಗುರುತುಗಳು ಇರಬಹುದು.

ಕೈಪಿಡಿಯ ಆ ಪುಟವನ್ನು ಮುದ್ರಿಸಿ ಹೊಲಿಗೆ ಯಂತ್ರದ ಪಕ್ಕದ ಗೋಡೆಗೆ ಅಂಟಿಸಿ. ಬಂಪರ್ ಮಾಡುವವರು ಸಾಮಾನ್ಯವಾಗಿ ತಂಡದ ಕಿರಿಯ ಮಕ್ಕಳು. ಅವರಿಗೆ ನಿಯಮ ಬಾಯಿಮಾತಿನಲ್ಲಿ ತಲುಪಿದರೆ ಅರ್ಧ ತಲುಪುತ್ತದೆ.

ಫಾಂಟಿನ ಸೈಜ್ ಬೇರೆ, ಅಂಕಿಯ ಎತ್ತರ ಬೇರೆ

ಕಂಪ್ಯೂಟರಿನಲ್ಲಿ 72 ಪಾಯಿಂಟ್ ಎಂದರೆ 1 ಇಂಚು. 4 ಇಂಚಿಗೆ 288 ಪಾಯಿಂಟ್ ಸಾಕು ಎಂದು ಲೆಕ್ಕ ಹಾಕಿ ಮುದ್ರಿಸಿದರೆ ಅಂಕಿ ಮೂರು ಇಂಚನ್ನೂ ಮುಟ್ಟುವುದಿಲ್ಲ. ಫಾಂಟಿನ ಸೈಜ್ ಎಂಬುದು ಅಕ್ಷರದ ಮೇಲೆ ಕೆಳಗೆ ಇರುವ ಖಾಲಿ ಜಾಗವನ್ನೂ ಸೇರಿಸಿಕೊಂಡ ಅಳತೆ. ಏರಿಯಲ್‌ನಲ್ಲಿ ಅಂಕಿಯ ನಿಜವಾದ ಎತ್ತರ ಆ ಸೈಜಿನ ಶೇಕಡಾ 72ರ ಆಸುಪಾಸು.

ಎಫ್‌ಟಿಸಿಯ ಹಳೆಯ ಕೈಪಿಡಿಗಳಲ್ಲಿ ಅಂಕಿ 2.5 ಇಂಚು ಎತ್ತರ, ಅರ್ಧ ಇಂಚು ದಪ್ಪ ಇರಬೇಕು, ಏರಿಯಲ್ ಬೋಲ್ಡ್ 250 ಪಾಯಿಂಟ್ ಹಾಕಿದರೆ ಸಾಕು ಎಂಬ ಸೂಚನೆ ಇರುತ್ತಿತ್ತು. 250 ಪಾಯಿಂಟ್ ಎಂದರೆ ಸುಮಾರು 3.47 ಇಂಚು, ಅದರ ಶೇಕಡಾ 72 ಎಂದರೆ ಎರಡೂವರೆ. ಇದೇ ಲೆಕ್ಕದಲ್ಲಿ 4 ಇಂಚಿನ ಅಂಕಿಗೆ 402 ಪಾಯಿಂಟ್ ಬೇಕು. ನಾನಾದರೆ 410 ಇಡುತ್ತೇನೆ. ಕತ್ತರಿಸುವಾಗ ಅಂಚಿನಲ್ಲಿ ಒಂದಿಷ್ಟು ಹೋಗುತ್ತದೆ, ಅಂಕಿ ಕೊಯ್ದು ಬಟ್ಟೆಗೆ ಒತ್ತುವ ವಿನೈಲ್ ಹಾಳೆ ಇಸ್ತ್ರಿಯ ಬಿಸಿಗೆ ತುಸು ಕುಗ್ಗುವುದೂ ಉಂಟು. ಇನ್‌ಸ್ಪೆಕ್ಟರ್ ಸ್ಕೇಲ್ ಇಟ್ಟಾಗ 3.95 ಇಂಚು ಎಂದರೆ ಅದು 4 ಇಂಚು ಅಲ್ಲ.

ಬೇರೆ ಫಾಂಟಿಗೆ ಈ ಶೇಕಡಾವಾರು ಬದಲಾಗುತ್ತದೆ. ಆದ್ದರಿಂದ ಕಾಗದದ ಮೇಲೆ ಒಮ್ಮೆ ಮುದ್ರಿಸಿ, 1 ಮತ್ತು 7 ರ ಎತ್ತರ ಅಳೆಯಿರಿ. 0, 6, 8 ರಂಥ ದುಂಡು ಅಂಕಿಗಳು ಮೇಲೂ ಕೆಳಗೂ ಕೂದಲೆಳೆಯಷ್ಟು ಹೆಚ್ಚು ಚಾಚಿಕೊಂಡಿರುತ್ತವೆ, ಅವನ್ನು ಅಳೆದರೆ ಲೆಕ್ಕ ತಪ್ಪುತ್ತದೆ. ಮುದ್ರಿಸುವಾಗ 'ಪುಟಕ್ಕೆ ಹೊಂದಿಸು' ಎಂಬ ಆಯ್ಕೆ ತೆಗೆದಿರಲಿ.

ಅಗಲದ ಲೆಕ್ಕವನ್ನೂ ಈಗಲೇ ಮಾಡಿಬಿಡಿ. ಏರಿಯಲ್‌ನಲ್ಲಿ 4 ಇಂಚಿನ ಒಂದು ಅಂಕಿಗೆ ಸುಮಾರು 3.1 ಇಂಚು ಅಗಲ ಬೇಕು. ನಾಲ್ಕು ಅಂಕಿಗೆ ಹನ್ನೆರಡೂವರೆ ಇಂಚು, ಐದು ಅಂಕಿಗೆ ಹದಿನೈದೂವರೆ. 2025ರ ಋತುವಿನಿಂದ ಹೊಸ ತಂಡಗಳಿಗೆ 10000 ದಾಟಿದ ಸಂಖ್ಯೆಗಳು ಬರುತ್ತಿವೆ. ಆದ್ದರಿಂದ ಐದಂಕಿಯ ಪ್ರಶ್ನೆ ಎಫ್‌ಆರ್‌ಸಿಗೂ ಬಂದಿದೆ.

4 ಇಂಚು ನಿಜವಾಗಿ ಎಷ್ಟು ದೂರಕ್ಕೆ ಸಾಕು?

ಕಣ್ಣಿನ ಡಾಕ್ಟರು 6/6 ಎಂದು ಬರೆದುಕೊಡುವ ಸಾಮಾನ್ಯ ದೃಷ್ಟಿಯವರು 100 ಅಡಿ ದೂರದಲ್ಲಿ ಓದಬಲ್ಲ ಅತಿ ಸಣ್ಣ ಅಕ್ಷರದ ಎತ್ತರ ಸುಮಾರು 1.75 ಇಂಚು. ಎಫ್‌ಆರ್‌ಸಿ ಅಂಕಣದ ಉದ್ದವೇ 54 ಅಡಿಯ ಮೇಲಿದೆ, ಗ್ಯಾಲರಿಯಿಂದ 100 ಅಡಿ ಎಂಬುದು ದೊಡ್ಡ ದೂರವೇನಲ್ಲ. 4 ಇಂಚಿನ ಅಂಕಿ ಆ ಕನಿಷ್ಠದ ಎರಡು ಪಟ್ಟಿಗಿಂತ ತುಸು ಹೆಚ್ಚು. ಕೇಳಲು ಧಾರಾಳ ಅನ್ನಿಸುತ್ತದೆ. ಆದರೆ ಆ 1.75 ಇಂಚು ಅಲುಗಾಡದ, ನೇರ ಎದುರಿಗಿರುವ, ಒಳ್ಳೆಯ ಬೆಳಕಿನ ಕಪ್ಪು ಬಿಳುಪು ಫಲಕಕ್ಕೆ ಸಂದ ಮಾತು. ರೋಬೋಟ್ 60 ಡಿಗ್ರಿ ತಿರುಗಿದರೆ ಅಂಕಿಯ ಅಗಲ ಕಣ್ಣಿಗೆ ಅರ್ಧವಾಗುತ್ತದೆ. ಅರ್ಧ ಇಂಚಿನ ಗೆರೆ ಕಾಲು ಇಂಚಾಗುತ್ತದೆ, ಎರಡು ಅಂಕಿಗಳ ನಡುವಿನ ಸಂದು ಮುಚ್ಚಿಹೋಗುತ್ತದೆ. 100 ಅಡಿಯಲ್ಲಿ ಕಣ್ಣು ಬಿಡಿಸಿ ನೋಡಬಲ್ಲ ಗೆರೆಯ ದಪ್ಪವೇ ಮೂರನೇ ಒಂದು ಇಂಚಿನ ಹತ್ತಿರ. ಕನಿಷ್ಠ ದಪ್ಪದಲ್ಲಿ ನಿಂತ ತಂಡದ ಸಂಖ್ಯೆ ಓರೆಯಲ್ಲಿ ಕರಗುವುದು ಇದಕ್ಕೇ.

ಹಾಗಾಗಿ ಗೆರೆಯನ್ನು ಮುಕ್ಕಾಲು ಇಂಚಿನವರೆಗೆ ಒಯ್ಯಿರಿ. 4 ಇಂಚಿನ ಏರಿಯಲ್ ಬೋಲ್ಡ್‌ನಲ್ಲಿ ಅದು ತಾನಾಗಿಯೇ ಬರುತ್ತದೆ. ಇನ್ನೂ ದಪ್ಪ ಮಾಡಿದರೆ 8, 6, 9 ರ ಹೊಟ್ಟೆಯ ಬಿಳಿಯಲ್ಲದ ಜಾಗ ಮುಚ್ಚಿಕೊಂಡು ಮೂರೂ ಒಂದೇ ರೀತಿ ಕಾಣತೊಡಗುತ್ತವೆ.

ಅಂಕಿಯ ಆಕಾರ

ಗೊಂದಲ ಹುಟ್ಟಿಸುವ ಜೋಡಿಗಳು ಎಲ್ಲರಿಗೂ ಗೊತ್ತಿರುವವೇ: 6 ಮತ್ತು 8, 3 ಮತ್ತು 8, 5 ಮತ್ತು 6, 1 ಮತ್ತು 7, 0 ಮತ್ತು 8. ನಿಮ್ಮ ಸಂಖ್ಯೆಯಲ್ಲಿ ಇವುಗಳಲ್ಲಿ ಯಾವುದಿದೆ ನೋಡಿ, ಆ ಅಂಕಿಯನ್ನು ಇಟ್ಟುಕೊಂಡು ಫಾಂಟ್ ಆರಿಸಿ. 6 ಮತ್ತು 9 ರ ಬಾಲ ಚೆನ್ನಾಗಿ ತೆರೆದುಕೊಂಡಿರಬೇಕು, ಒಳಕ್ಕೆ ಸುರುಳಿ ಸುತ್ತಿ ಹೊಟ್ಟೆಗೆ ತಾಗುವ ವಿನ್ಯಾಸ ಬೇಡ. 3 ರ ಎಡಬದಿ ಅಗಲವಾಗಿ ತೆರೆದಿರಲಿ. 1 ಕ್ಕೆ ಮೇಲ್ಗಡೆ ಒಂದು ಚಿಕ್ಕ ಕೊಕ್ಕೆ ಇದ್ದರೆ ಅದು ಬಂಪರಿನ ಪಟ್ಟಿಯಲ್ಲ, ಅಂಕಿ ಎಂಬುದು ಗೊತ್ತಾಗುತ್ತದೆ. ಡಿಜಿಟಲ್ ಗಡಿಯಾರದಂಥ ಚೌಕಾಕಾರದ ಅಂಕಿಗಳು ರೋಬೋಟಿಗೆ ಒಪ್ಪುತ್ತವೆ ಅನ್ನಿಸುತ್ತದೆ, ಆದರೆ ಅವುಗಳಲ್ಲಿ 8 ಕ್ಕೂ 6, 9, 0 ಕ್ಕೂ ಒಂದೊಂದು ತುಂಡಿನ ವ್ಯತ್ಯಾಸ ಮಾತ್ರ. ದೂರದಿಂದ ಆ ತುಂಡು ಕಾಣುವುದಿಲ್ಲ. ಸ್ಟೆನ್ಸಿಲ್ ಶೈಲಿ, ಅಂದರೆ ಮಿಲಿಟರಿ ಪೆಟ್ಟಿಗೆಗಳ ಮೇಲಿನಂತೆ ನಡುವೆ ಕಡಿದಂಥ ಅಂಕಿಗಳದ್ದೂ ಇದೇ ಕಥೆ. ವಾಲಿದ ಅಕ್ಷರ, ನೆರಳು ಹಾಕಿದ ಅಕ್ಷರ ಎರಡನ್ನೂ ಬಿಡಿ.

ಅಂಕಿಗಳ ನಡುವೆ ಗೆರೆಯ ದಪ್ಪದಷ್ಟಾದರೂ ಅಂತರ ಇರಲಿ. 11 ಅಥವಾ 111 ಇದ್ದರೆ ಇನ್ನೂ ಹೆಚ್ಚು ಕೊಡಿ. ಓರೆಯಾಗಿ ನೋಡಿದಾಗ ಮೂರು 1 ಗಳು ಸೇರಿ ಎರಡಾಗುವುದು ಸುಲಭ.

ಬಣ್ಣ ಬಿಳಿಯೇ ಏಕೆ

ಒಂದೇ ಅಂಕಿ ಕೆಂಪಿನ ಮೇಲೂ ನೀಲಿಯ ಮೇಲೂ ಎದ್ದು ಕಾಣಬೇಕು. ಪರದೆಯ ಶುದ್ಧ ಬಣ್ಣಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿದರೆ ಬಿಳಿ ಮತ್ತು ನೀಲಿಯ ನಡುವಿನ ಕಾಂಟ್ರಾಸ್ಟ್ ಅನುಪಾತ (ಹೆಚ್ಚಿದಷ್ಟೂ ಎದ್ದು ಕಾಣುತ್ತದೆ) 8.6, ಬಿಳಿ ಮತ್ತು ಕೆಂಪಿನ ನಡುವೆ 4. ಕಪ್ಪನ್ನು ಹಾಕಿದರೆ ಕೆಂಪಿನ ಮೇಲೆ 5.3 ಬರುತ್ತದೆ, ನೀಲಿಯ ಮೇಲೆ ಬರೀ 2.4. ಎರಡರ ಮೇಲೂ ಬದುಕುವುದು ಬಿಳಿ ಮಾತ್ರ. ಈ ಲೆಕ್ಕದಲ್ಲಿ ಇನ್ನೊಂದು ಸಂಗತಿಯೂ ಇದೆ: ಬಿಳಿಗೆ ಕಷ್ಟ ಕೊಡುವುದು ಕೆಂಪು. ಆದ್ದರಿಂದ ಕೆಂಪು ಬಟ್ಟೆ ಕೊಳ್ಳುವಾಗ ಕಿತ್ತಳೆಯತ್ತ ವಾಲಿದ ತಿಳಿಗೆಂಪಿಗಿಂತ ಗಾಢ ಕೆಂಪನ್ನು ಆರಿಸಿ. ಅಂಗಡಿಯಿಂದ ಒಂದು ತುಂಡು ತಂದು ಅದರ ಮೇಲೆ ಬಿಳಿ ಪಟ್ಟಿ ಇಟ್ಟು ದೂರದಿಂದ ನೋಡಿಯೇ ಗಜಗಟ್ಟಲೆ ಕೊಳ್ಳಿ.

ತಂಡದ ಬಣ್ಣದ ಅಂಕಿಗೆ ಬಿಳಿ ಅಂಚು ಹಾಕುವುದಕ್ಕೆ ಹಲವು ವರ್ಷ ಅವಕಾಶ ಇತ್ತು. ಹತ್ತಿರದಿಂದ ಅಂದವಾಗಿ ಕಾಣುತ್ತದೆ, ನಿಜ. ಆದರೆ ಹದಿನಾರನೇ ಒಂದು ಇಂಚಿನ ಅಂಚು ಗ್ಯಾಲರಿ ತಲುಪುವುದಿಲ್ಲ. ತುಂಬು ಬಿಳಿಯನ್ನೇ ಹಾಕಿ. ಮಿನುಗುವ, ಬೆಳಕು ಪ್ರತಿಫಲಿಸುವ ವಿನೈಲ್ ಬೇಡ. ಅಂಕಣದ ಮೇಲಿನ ದೀಪಗಳು ಅದರಲ್ಲಿ ಹೊಳೆದು, ಕ್ಯಾಮೆರಾಗೂ ಕಣ್ಣಿಗೂ ಅಂಕಿಯ ಬದಲು ಹೊಳಪು ಕಾಣುತ್ತದೆ. ಹೊಳಪಿಲ್ಲದ ಮ್ಯಾಟ್ ಬಿಳಿ ಒಳ್ಳೆಯದು.

ಎಲ್ಲಿ ಹಾಕಬೇಕು

ಹೆಚ್ಚು ತಂಡಗಳು ಸೋಲುವುದು ಇಲ್ಲಿ, ಆದ್ದರಿಂದ ಇದಕ್ಕೆ ಸಮಯ ಕೊಡಿ.

ನಾಲ್ಕು ಬದಿ ಇರುವ ರೋಬೋಟಿಗೆ ನಾಲ್ಕು ಬದಿಯಲ್ಲೂ ಪೂರ್ಣ ಸಂಖ್ಯೆ ಹಾಕುವುದು ಸರಳ ದಾರಿ. ತೊಡಕು ಶುರುವಾಗುವುದು ಮುಂಬದಿಯಲ್ಲಿ. ಆಟದ ವಸ್ತುವನ್ನು ಒಳಕ್ಕೆ ಎಳೆದುಕೊಳ್ಳುವ ಇನ್‌ಟೇಕ್‌ಗಾಗಿ ಬಂಪರಿನ ನಡುವೆ ಜಾಗ ಬಿಡುತ್ತಾರೆ. ಕೆಲವು ಋತುಗಳಲ್ಲಿ ಮೂಲೆಯಿಂದ ಎರಡೂ ಕಡೆಗೆ 6 ಇಂಚು ಬಂಪರ್ ಇದ್ದರೆ ಸಾಕಿತ್ತು. ಆ 6 ಇಂಚಿನ ತುಂಡಿನಲ್ಲಿ 4 ಇಂಚು ಎತ್ತರದ ಎಷ್ಟು ಅಂಕಿ ಹಿಡಿಯುತ್ತವೆ? ಏರಿಯಲ್‌ನಲ್ಲಿ ಎರಡು ಕೂಡ ಆರಾಮಾಗಿ ಕೂರುವುದಿಲ್ಲ. ಇಕ್ಕಟ್ಟಾದ ಫಾಂಟ್ ಬಳಸಿ ಎರಡೆರಡು ಅಂಕಿ ಎಡಕ್ಕೂ ಬಲಕ್ಕೂ ಹಂಚುವುದು ರೂಢಿ. ಸಂಖ್ಯೆಯನ್ನು ಬಂಪರಿನ ಬೇರೆ ಬೇರೆ ತುಂಡುಗಳಿಗೆ ಹಂಚಬಾರದು ಎಂದು ನಿಯಮ ಹೇಳುತ್ತಿರಲಿಲ್ಲ, ಗೊಂದಲ ಆಗಬಾರದು ಎಂದಷ್ಟೇ ಹೇಳುತ್ತಿತ್ತು.

ಗೊಂದಲ ಹೇಗೆ ಆಗುತ್ತದೆ ಎಂಬುದಕ್ಕೆ ಪ್ರಸಿದ್ಧ ತಂಡಗಳ ಸಂಖ್ಯೆಗಳನ್ನೇ ತೆಗೆದುಕೊಂಡು ಊಹಿಸಿ ನೋಡೋಣ. ಕೆನಡಾದ 1114 ತನ್ನ ಸಂಖ್ಯೆಯನ್ನು ಒಂದು ಕಡೆ 111, ಇನ್ನೊಂದು ಕಡೆ 4 ಎಂದು ಹಂಚಿತು ಎಂದುಕೊಳ್ಳಿ. ಮೂಲೆಯಿಂದ ನೋಡಿದವರಿಗೆ 4 ಮರೆಯಾಗಿ 111 ಮಾತ್ರ ಕಾಣುತ್ತದೆ. ಇಲಿನಾಯ್‌ನಲ್ಲಿ 111 ಎಂಬ ಹಳೆಯ, ಹೆಸರಾಂತ ತಂಡವೇ ಇದೆ. ಕ್ಯಾಲಿಫೋರ್ನಿಯಾದ ಡೇವಿಸ್‌ನ 1678 ತಂಡವನ್ನು 16, 78 ಎಂದು ಒಡೆದರೂ ಹೀಗೇ, ಅರ್ಕಾನ್ಸಾಸ್‌ನಲ್ಲಿ 16 ಎಂಬ ತಂಡವಿದೆ. ಅಂದಹಾಗೆ ಈ 1678 ಸ್ಕೌಟಿಂಗ್ ವ್ಯವಸ್ಥೆಗೇ ಹೆಸರಾದ ತಂಡ. ಸಂಖ್ಯೆ ಓದುವ ಕಷ್ಟ ಏನೆಂದು ಅವರ ಸ್ಕೌಟ್‌ಗಳನ್ನು ಕೇಳಬೇಕು.

ಹಂಚಲೇಬೇಕಾದರೆ ಈ ಕ್ರಮ ಅನುಸರಿಸಿ. ಎರಡು ತುಂಡುಗಳಿಗೂ ಸಮನಾಗಿ ಹಂಚಿ, ಅಂಕಿಗಳನ್ನು ಮೂಲೆಯ ಕಡೆಗಲ್ಲ, ನಡುವಿನ ಸಂದಿನ ಕಡೆಗೆ ಒತ್ತಿ ಕೂರಿಸಿ. ಆಗ ಎರಡೂ ಒಂದೇ ಸಂಖ್ಯೆಯ ಭಾಗ ಎಂದು ಕಣ್ಣು ಹಿಡಿಯುತ್ತದೆ. ಪಕ್ಕದ ಬದಿಗಳಲ್ಲಿ ಪೂರ್ಣ ಸಂಖ್ಯೆಯನ್ನು ಮುಂಬದಿಯ ಮೂಲೆಗೆ ತುಸು ಹತ್ತಿರವಾಗಿ ಹಾಕಿ. ಹೀಗೆ ಮಾಡಿದರೆ ಮೂಲೆಯ ಎದುರಿಗೆ ನಿಂತವರಿಗೆ ಮುಂಬದಿ ಅರ್ಧ ಕಂಡರೂ ಪಕ್ಕದಲ್ಲಿ ಇಡೀ ಸಂಖ್ಯೆ ಸಿಗುತ್ತದೆ. ಮುಂಬದಿಯ ಸಂದು ತೀರಾ ದೊಡ್ಡದಾಗಿದ್ದು ಉಳಿದ ತುಂಡಿನಲ್ಲಿ ಅಂಕಿಗಳನ್ನು ಕಿವುಚಿ ಹಾಕುವ ಪರಿಸ್ಥಿತಿ ಬಂದರೆ, ಬಂಪರಿನ ವಿನ್ಯಾಸ ಮಾಡುವವರ ಜೊತೆ ಈಗಲೇ ಕೂತು ಮಾತಾಡಿ. ಇನ್‌ಟೇಕ್ ಕಟ್ಟಿ ಮುಗಿದ ಮೇಲೆ ಆ ಮಾತಿಗೆ ಬೆಲೆ ಇರುವುದಿಲ್ಲ.

ಇನ್‌ಟೇಕ್ ಹೊರಕ್ಕೆ ಚಾಚಿಕೊಂಡಾಗ ಬಂಪರಿನ ಯಾವ ಭಾಗ ಮುಚ್ಚುತ್ತದೆ ಎಂಬುದನ್ನೂ ನೋಡಬೇಕು. ರೋಬೋಟ್ ಪಿಟ್‌ನಲ್ಲಿ, ಅಂದರೆ ತಂಡ ರಿಪೇರಿ ಮಾಡಿಕೊಳ್ಳುವ ಜಾಗದಲ್ಲಿ, ಮಡಚಿಕೊಂಡು ನಿಂತಾಗ ಸಂಖ್ಯೆ ಚೆಂದವಾಗಿ ಕಾಣುತ್ತದೆ. ಮ್ಯಾಚ್‌ನ ಬಹುಪಾಲು ಸಮಯ ಆ ತೋಳು ಸಂಖ್ಯೆಯ ಮುಂದೆಯೇ ಇಳಿಬಿದ್ದಿರುತ್ತದೆ. ಕ್ಯಾಡ್ ಮಾದರಿಯಲ್ಲಿ, ಅಂದರೆ ಕಂಪ್ಯೂಟರಿನ ವಿನ್ಯಾಸದಲ್ಲಿ, ತೋಳನ್ನು ಪೂರ್ತಿ ಚಾಚಿ, ಬಂಪರ್ ಮೇಲೆ ಅಂಕಿಗಳನ್ನೂ ಇಟ್ಟು, ಸುತ್ತಲೂ ತಿರುಗಿಸಿ ನೋಡಿದರೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ.

ಇನ್ನು ಎತ್ತರದ ಪ್ರಶ್ನೆ. ಬಹುಕಾಲ ನಡೆದುಬಂದ ಬಂಪರ್ ಎಂದರೆ 5 ಇಂಚು ಎತ್ತರದ ಪ್ಲೈವುಡ್, ಅದರ ಮುಂದೆ ಒಂದರ ಮೇಲೊಂದು 2.5 ಇಂಚಿನ ಎರಡು ಪೂಲ್ ನೂಡಲ್ (ಈಜುಕೊಳದಲ್ಲಿ ಬಳಸುವ ಉದ್ದನೆಯ ಫೋಮ್ ಕೊಳವೆ), ಅದರ ಮೇಲೆ ಬಿಗಿಯಾಗಿ ಎಳೆದ ಗಟ್ಟಿ ಬಟ್ಟೆ. ಬಟ್ಟೆ ನಿಜವಾಗಿ ಚಪ್ಪಟೆಯಾಗಿರುವುದು ಮೇಲಿನ ನೂಡಲ್‌ನ ನಡುಮಟ್ಟದಿಂದ ಕೆಳಗಿನದರ ನಡುಮಟ್ಟದವರೆಗೆ, ಅಂದರೆ ಎರಡೂವರೆ ಇಂಚು ಮಾತ್ರ. 4 ಇಂಚಿನ ಅಂಕಿಯನ್ನು ಸರಿಯಾಗಿ ನಡುವೆ ಕೂರಿಸಿದರೆ ಮೇಲೂ ಕೆಳಗೂ ಮುಕ್ಕಾಲು ಇಂಚು ದುಂಡಗೆ ವಾಲುತ್ತದೆ. ನೇರ ಎದುರಿನಿಂದ ಅದರಿಂದ ಹೆಚ್ಚೇನೂ ನಷ್ಟವಿಲ್ಲ. ಅರ್ಧ ಇಂಚು ಕೆಳಕ್ಕೆ ಜಾರಿದರೆ ಕೆಳಭಾಗ ನೆಲದ ಕಡೆಗೆ ಮಡಚಿಕೊಳ್ಳುತ್ತದೆ. ಗ್ಯಾಲರಿಯವರು ಮೇಲಿನಿಂದ ನೋಡುವವರು, ಅವರಿಗೆ 8 ರ ಕೆಳಹೊಟ್ಟೆ ಕಾಣದೆ ಹೋಗುತ್ತದೆ. ನಡುವೆ ಕೂರಿಸಿ, ತಪ್ಪಿದರೆ ಮೇಲಕ್ಕೆ ಒಂದೆಳೆ ತಪ್ಪಲಿ, ಕೆಳಕ್ಕೆ ಬೇಡ.

ಬಟ್ಟೆಗೆ ಅಂಟಿಸುವುದು

ಬಂಪರ್‌ಗೆ ಹೆಚ್ಚಾಗಿ ಬಳಸುವುದು ಕಾರ್ಡುರಾದಂಥ ದಪ್ಪ ನೈಲಾನ್. ನೈಲಾನ್‌ಗೆ ಬಿಸಿ ಎಂದರೆ ಆಗದು, ಹಿಂಬದಿಯಲ್ಲಿ ಲೇಪನ ಇದ್ದರಂತೂ ಅದು ಇಸ್ತ್ರಿ ಮೇಜಿಗೇ ಅಂಟಿಕೊಳ್ಳುತ್ತದೆ. ಟೀ ಶರ್ಟ್‌ಗೆ ಹಾಕುವ ಸಾಮಾನ್ಯ ಹೀಟ್ ಟ್ರಾನ್ಸ್‌ಫರ್ ವಿನೈಲ್ ಇದರ ಮೇಲೆ ಸರಿಯಾಗಿ ಹಿಡಿಯುವುದಿಲ್ಲ. ನೈಲಾನ್‌ಗೆಂದೇ ಮಾಡಿದ ವಿನೈಲ್ ಕೇಳಿ ತನ್ನಿ, ಪೊಟ್ಟಣದ ಮೇಲಿನ ಬಿಸಿ ಮತ್ತು ಸಮಯವನ್ನೇ ಅನುಸರಿಸಿ. ಕೆಲಸದ ಕ್ರಮ ಇದು:

1. ಅಂಕಿಗಳಿಲ್ಲದ ಬಟ್ಟೆಯನ್ನು ಬಂಪರ್ ಮೇಲೆ ತಾತ್ಕಾಲಿಕವಾಗಿ ಎಳೆದು ಕಟ್ಟಿ. ದರ್ಜಿಗಳು ಬಳಸುವ ಸೀಮೆಸುಣ್ಣದಲ್ಲಿ ಎತ್ತರದ ನಡುಗೆರೆ, ಪ್ರತಿ ಬದಿಯ ಮಧ್ಯಬಿಂದು, ಮೂಲೆ ಎಲ್ಲಿ ಶುರು ಎಂಬುದನ್ನು ಗುರುತು ಹಾಕಿ. ಮೇಜಿನ ಮೇಲೆ ಅಳೆದು ಹಾಕಿದ ಗುರುತು ಬಟ್ಟೆ ಎಳೆದಾಗ ಜಾರುತ್ತದೆ.

2. ಕಾಗದದ ಅಂಕಿಗಳನ್ನು ಆ ಗುರುತಿಗೆ ಟೇಪಿನಿಂದ ಅಂಟಿಸಿ. ದೂರ ಹೋಗಿ ನೋಡಿ. ಈಗ ಬದಲಾಯಿಸಲು ಕಾಸು ಖರ್ಚಿಲ್ಲ.

3. ಬಟ್ಟೆ ಬಿಚ್ಚಿ ಚಪ್ಪಟೆ ಹರಡಿ. ಉಳಿದ ಚೂರಿನ ಮೇಲೆ ಒಂದು ಅಂಕಿ ಒತ್ತಿ, ಪೂರ್ತಿ ಆರಿದ ಮೇಲೆ ಉಗುರಿನಿಂದ ಎಬ್ಬಿಸಿ ನೋಡಿ. ಎದ್ದು ಬಂದರೆ ಬಿಸಿಯೋ ಒತ್ತಡವೋ ಸಾಲದು.

4. ನಿಜವಾದ ಅಂಕಿಗಳನ್ನು ಒತ್ತಿ. ವಿನೈಲನ್ನು ಕತ್ತರಿಸುವಾಗ ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ ಕತ್ತರಿಸಬೇಕು ಎಂಬುದನ್ನು ಕೊಯ್ಯುವ ಮೊದಲು ಇಬ್ಬರು ನೋಡಲಿ.

5. ಅಂಚುಗಳ ಮೇಲೆ ಬಿಳಿ ದಾರದಲ್ಲಿ ಓರೆ ಹೊಲಿಗೆ ಹಾಕಿದರೆ ಋತು ಮುಗಿಯುವವರೆಗೂ ನಿಶ್ಚಿಂತೆ.

ಇಸ್ತ್ರಿಯ ಗೊಡವೆ ಬೇಡ ಎನ್ನುವವರಿಗೆ ಇನ್ನೊಂದು ದಾರಿ ನನಗೆ ಹೆಚ್ಚು ಇಷ್ಟ. ಹಾಯಿದೋಣಿಗಳ ಹಾಯಿಯ ಮೇಲೆ ಅಂಕಿ ಅಂಟಿಸಲು ಬರುವ, ಹಿಂಬದಿ ಅಂಟಿರುವ ಪಾಲಿಯೆಸ್ಟರ್ ಬಟ್ಟೆ ಸಿಗುತ್ತದೆ. ಗಾಳಿ ಮಳೆ ತಡೆಯಲೆಂದೇ ಮಾಡಿದ್ದು, ಹೊಳಪಿಲ್ಲದ ಬಿಳಿ, ಕತ್ತರಿಯಲ್ಲೇ ಕೊಯ್ಯಬಹುದು, ಹೊಲಿಗೆಯೂ ಸಲೀಸು. ಬಿಳಿ ಬಟ್ಟೆಯಲ್ಲಿ ಅಂಕಿ ಕತ್ತರಿಸಿ ಹೊಲಿಯುವುದು ಹಳೆಯ ವಿಧಾನ, ಮನೆಯಲ್ಲಿ ಹೊಲಿಗೆ ಬಲ್ಲ ಅಮ್ಮನೋ ಅಜ್ಜಿಯೋ ಇದ್ದರೆ ಅದರಷ್ಟು ಗಟ್ಟಿ ಇನ್ನೊಂದಿಲ್ಲ. ಸ್ಟೆನ್ಸಿಲ್ ಇಟ್ಟು ಬಟ್ಟೆಯ ಬಣ್ಣ ಬಳಿಯುವುದೂ ಆಗುತ್ತದೆ, ಆದರೆ ಕೆಂಪಿನ ಮೇಲೆ ಒಂದೇ ಪದರ ಗುಲಾಬಿಯಾಗಿ ಕಾಣುತ್ತದೆ, ಪ್ರತಿ ಪದರ ಒಣಗಿದ ಮೇಲೆ ಮತ್ತೊಂದು ಬಳಿಯಬೇಕು. ಬಿಳಿ ಟೇಪಿನಲ್ಲಿ ಅಂಕಿ ಕಟ್ಟುವುದು ತುರ್ತಿಗೆ ಮಾತ್ರ.

ಕೆಂಪು ನೀಲಿ ಎರಡಕ್ಕೂ ಒಂದೇ ಬಂಪರ್ ಇಟ್ಟು ಬಟ್ಟೆಯನ್ನು ಮೇಲಕ್ಕೆ ಕೆಳಕ್ಕೆ ಮಗುಚುವ ವಿಧಾನ ಬಳಸುವವರು ಎರಡೂ ಬಣ್ಣದಲ್ಲಿ ಮೇಲಿನ ಎಲ್ಲವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಮಗುಚುವ ಪದರ ಸಡಿಲವಾದರೆ ಅಂಕಿಯ ನಡುವೆ ಸುಕ್ಕು ಬೀಳುತ್ತದೆ, 8 ರ ಸೊಂಟದಲ್ಲಿ ಬಿದ್ದ ಸುಕ್ಕು ಅದನ್ನು ಏನನ್ನಾಗಿಯೂ ಮಾಡಬಲ್ಲದು. ನಾನು ಎರಡು ಜೊತೆ ಬಂಪರ್ ಮಾಡುವುದರ ಪರ.

ಎಫ್‌ಟಿಸಿ ಮತ್ತು ವೆಕ್ಸ್

ಎಫ್‌ಟಿಸಿಯ ಅಂಕಣ 12 ಅಡಿ ಚೌಕ, ರೋಬೋಟ್ ಶುರುವಿನಲ್ಲಿ 18 ಇಂಚಿನ ಘನದೊಳಗೆ ಹಿಡಿಯಬೇಕು, ಬಂಪರ್ ಇಲ್ಲ. ಎದುರುಬದುರು ಎರಡು ಬದಿಗಳಲ್ಲಿ ಫಲಕ ಕಟ್ಟುವುದು ಪದ್ಧತಿ. ಮೊದಲೆಲ್ಲ ಹಿನ್ನೆಲೆಗೆ ವಿರುದ್ಧವಾಗಿ ಎದ್ದು ಕಾಣುವ ಯಾವ ಬಣ್ಣವಾದರೂ ನಡೆಯುತ್ತಿತ್ತು, 2024-25ರ ಋತುವಿನಿಂದ ಕೆಂಪು ಅಥವಾ ನೀಲಿ ಹಿನ್ನೆಲೆಯ ಮೇಲೆ ಬಿಳಿ ಅಂಕಿಯ ಫಲಕಕ್ಕೆ ಬಂದಿದ್ದಾರೆ. ಅಳತೆಗೆ ಮತ್ತೆ ಆ ವರ್ಷದ ಕೈಪಿಡಿಯೇ ಗತಿ.

ಐದು ಅಂಕಿಯ ಸಂಖ್ಯೆಗಳು ಇಲ್ಲಿ ಸಾಮಾನ್ಯ. 250 ಪಾಯಿಂಟಿನ ಏರಿಯಲ್ ಬೋಲ್ಡ್‌ನಲ್ಲಿ ಐದು ಅಂಕಿಗೆ ಸುಮಾರು 9.7 ಇಂಚು ಅಗಲ ಬೇಕು. 18 ಇಂಚಿನ ರೋಬೋಟಿನಲ್ಲಿ 10 ಇಂಚಿನ ಚಪ್ಪಟೆ ಜಾಗ ಕೊನೆಯಲ್ಲಿ ಹುಡುಕಿದರೆ ಸಿಗುವುದಿಲ್ಲ, ಚಾಸಿ ಬರೆಯುವ ದಿನವೇ ಕಾದಿರಿಸಿ. ತೆಳು ಪಾಲಿಕಾರ್ಬೊನೇಟ್ ಹಾಳೆ ಫಲಕಕ್ಕೆ ಒಳ್ಳೆಯದು, ಗುದ್ದಿದರೆ ಬಾಗುತ್ತದೆ, ಒಡೆಯುವುದಿಲ್ಲ. ಅಕ್ರಿಲಿಕ್ ಒಡೆದು ಚೂರಾಗುತ್ತದೆ. ನಮ್ಮೂರಿನ ತಂಡಗಳಿಗೆ ದೊಡ್ಡ ಅನುಕೂಲ ಎಂದರೆ ಗಾಡಿ ನಂಬರ್ ಪ್ಲೇಟ್ ಬರೆಯುವ ಸ್ಟಿಕ್ಕರ್ ಅಂಗಡಿಗಳು. ಅಳತೆ ಬರೆದು ಕೊಟ್ಟರೆ ಬೇಕಾದ ಅಂಕಿಯನ್ನು ಯಂತ್ರದಲ್ಲಿ ಕೊಯ್ದು ಕೊಡುತ್ತಾರೆ. ರೇಡಿಯಂ ಬೇಡ, ಮ್ಯಾಟ್ ಬಿಳಿ ಬೇಕು ಎಂದು ಒತ್ತಿ ಹೇಳಿ. ಫೈಲನ್ನು ಪಿಡಿಎಫ್ ಮಾಡಿ ಒಯ್ಯಿರಿ, ಅವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇರುವುದಿಲ್ಲ. ಕಾಗದದಲ್ಲಿ ಮುದ್ರಿಸಿ ಲ್ಯಾಮಿನೇಟ್ ಮಾಡಿದ್ದೂ ನಡೆಯುತ್ತದೆ, ಆದರೆ ಲ್ಯಾಮಿನೇಷನ್ ದೀಪಕ್ಕೆ ಹೊಳೆಯುತ್ತದೆ.

ಬಿಚ್ಚಿ ಹಾಕುವ ಫಲಕಗಳಿಗೆ ಹಿಂಬದಿಯಲ್ಲಿ 'ಮೇಲೆ' ಎಂದು ಬರೆದಿಡಿ. 1619 ಎಂಬ ಫಲಕ ತಲೆಕೆಳಗಾದರೆ 6191 ಎಂದು ಓದುತ್ತದೆ, ತಪ್ಪು ಎಂದು ಯಾರಿಗೂ ಅನುಮಾನವೂ ಬರುವುದಿಲ್ಲ.

ವೆಕ್ಸ್ ವಿ5 ಸ್ಪರ್ಧೆಯಲ್ಲಿ ಸಂಖ್ಯೆಯ ಜೊತೆ ಒಂದು ಅಕ್ಷರವೂ ಇರುತ್ತದೆ, 1234ಎ ಎಂಬ ರೀತಿ. ಎದುರುಬದುರು ಬದಿಗಳಲ್ಲಿ ಅಲಯನ್ಸ್ ಬಣ್ಣದ ಲೈಸೆನ್ಸ್ ಪ್ಲೇಟ್ ಹಾಕಬೇಕು. ಅಲ್ಲಿ ನೋಡಿಕೊಳ್ಳಬೇಕಾದದ್ದು ಪ್ಲೇಟು ಯಾವ ಯಾಂತ್ರಿಕ ಕೆಲಸಕ್ಕೂ ಬಳಕೆಯಾಗದಂತೆ, ತೋಳಿನ ಮರೆಗೆ ಹೋಗದಂತೆ ಇರಿಸುವುದು.

ಓದಿಸಿ ನೋಡಿ

ನಿಮ್ಮ ತಂಡದವರನ್ನು ಕೇಳಿ ಪ್ರಯೋಜನವಿಲ್ಲ. ಅವರಿಗೆ ಸಂಖ್ಯೆ ಗೊತ್ತು, ಕಾಣದಿದ್ದರೂ ಓದುತ್ತಾರೆ. ಸಂಖ್ಯೆ ಗೊತ್ತಿಲ್ಲದ ಒಬ್ಬರನ್ನು ಕರೆಯಿರಿ, ನೆರೆಮನೆಯ ಅಜ್ಜ ಆದರೂ ಸರಿ. ಶಾಲೆಯ ಜಿಮ್‌ನಲ್ಲೋ ಉದ್ದನೆಯ ಕಾರಿಡಾರಿನಲ್ಲೋ 100 ಅಡಿ ಅಳೆದು ಅವರನ್ನು ನಿಲ್ಲಿಸಿ, ಬೆನ್ನು ತಿರುಗಿಸಿರಲಿ. ರೋಬೋಟನ್ನು ಓರೆಯಾಗಿ ನಿಲ್ಲಿಸಿ. ಒಂದು ಕ್ಷಣ ತಿರುಗಿ ನೋಡಿ, ಮತ್ತೆ ಬೆನ್ನು ತಿರುಗಿಸಿ ಸಂಖ್ಯೆ ಹೇಳಲಿ. ಆಮೇಲೆ ರೋಬೋಟ್ ಚಲಿಸುತ್ತಿರುವಾಗ ಇದನ್ನೇ ಮಾಡಿ. ತೋಳು ಚಾಚಿದಾಗ ಒಮ್ಮೆ, ಇನ್ನೊಂದು ರೋಬೋಟೋ ಪೆಟ್ಟಿಗೆಯೋ ಅರ್ಧ ಅಡ್ಡ ಇರುವಾಗ ಒಮ್ಮೆ. ಸಾಧ್ಯವಾದರೆ ಮಹಡಿಯ ಮೇಲಿಂದ ಒಮ್ಮೆ. ಅವರು ತಪ್ಪು ಹೇಳಿದ ಅಂಕಿ ಯಾವುದು ಎಂದು ಬರೆದುಕೊಳ್ಳಿ, ಸರಿ ಮಾಡಬೇಕಾದದ್ದು ಆ ಅಂಕಿಯನ್ನು. ಯಾರೂ ಸಿಗದಿದ್ದರೆ ಫೋನಿನಲ್ಲಿ ಅಷ್ಟೇ ದೂರದಿಂದ ವಿಡಿಯೊ ತೆಗೆದು, ದೊಡ್ಡದು ಮಾಡದೆ ನೋಡಿ. ಮ್ಯಾಚ್‌ಗಳ ನೇರಪ್ರಸಾರ ನೋಡುವವರಿಗೂ ನೀವು ಕಾಣುವುದು ಬಹುಮಟ್ಟಿಗೆ ಹಾಗೆಯೇ.

ಸ್ಪರ್ಧೆಯ ದಿನ

ಇನ್‌ಸ್ಪೆಕ್ಷನ್‌ಗೆ ಹೋಗುವಾಗ ಕೆಂಪು ನೀಲಿ ಎರಡೂ ಜೊತೆ ಬಂಪರ್ ಒಯ್ಯಿರಿ. ಬಟ್ಟೆಗೆ ಬಿದ್ದ ಎಣ್ಣೆ, ರಬ್ಬರ್ ಕಲೆಗಳನ್ನು ಹಿಂದಿನ ರಾತ್ರಿಯೇ ಒರೆಸಿಡಿ. ಅಂಕಿ ಸಾಲದು ಎಂದು ಇನ್‌ಸ್ಪೆಕ್ಟರ್ ಹೇಳಿದರೆ ವಾದಕ್ಕೆ ನಿಲ್ಲದೆ ಯಾವ ಕೋನದಿಂದ ಕಾಣುತ್ತಿಲ್ಲ ಎಂದು ತೋರಿಸಲು ಕೇಳಿ, ಅವರು ಸ್ವಯಂಸೇವಕರು, ನಿಮ್ಮನ್ನು ಆಡಿಸಲೆಂದೇ ಬಂದವರು. ಪಿಟ್ ಪೆಟ್ಟಿಗೆಯಲ್ಲಿ ಮೊದಲೇ ಕೊಯ್ದ ಎರಡು ಪೂರ್ಣ ಸಂಖ್ಯೆಗಳು, ಬಿಳಿ ಗ್ಯಾಫರ್ ಟೇಪ್, ಕತ್ತರಿ, ಸೂಜಿ ದಾರ, 6 ಇಂಚಿನ ಸ್ಕೇಲ್ ಇರಲಿ. ಪ್ರತಿ ಮ್ಯಾಚ್ ಮುಗಿದು ಬ್ಯಾಟರಿ ಬದಲಿಸುವಾಗ ಒಬ್ಬರು ಬಂಪರ್ ಸುತ್ತ ಒಂದು ಸುತ್ತು ಬಂದು ಅಂಚು ಎದ್ದಿದೆಯೇ, ಮೂಲೆ ಹರಿದಿದೆಯೇ ನೋಡುವುದನ್ನು ಪಿಟ್ ಪಟ್ಟಿಗೆ ಸೇರಿಸಿ. ಎದ್ದ ಅಂಚನ್ನು ಆಗಲೇ ಹೊಲಿದರೆ ಎರಡು ನಿಮಿಷದ ಕೆಲಸ.

ಋತು ಮುಗಿದ ಮೇಲಿನ ಸ್ಪರ್ಧೆಗಳಿಗೆ ಕೆಲವು ತಂಡಗಳು ಎರಡನೆಯ ರೋಬೋಟನ್ನೂ ತರುತ್ತವೆ, ಅದಕ್ಕೆ ಸಂಖ್ಯೆಯ ಕೊನೆಗೆ ಬಿ ಎಂಬ ಅಕ್ಷರ ಸೇರಿಸುವುದು ವಾಡಿಕೆ. ಆ ಇಂಗ್ಲಿಷ್ ಬಿ ದೂರದಿಂದ 8 ರಂತೆ ಕಾಣುತ್ತದೆ. ಅಂಕಿಗಳಿಂದ ಒಂದು ಅಂಕಿಯಷ್ಟು ಅಗಲ ಬಿಟ್ಟು ಅದನ್ನು ಅಂಟಿಸಿ.